ಅವ್ವನ ಕೊರಳಿನ ಆಫ್ರಿಕಾ ಮಣಿ

ಅಪ್ಪ ಫೌಜಿನಲ್ಲಿದ್ದ. ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋಗಿ ಬಂದಾಗ ಅವ್ವನಿಗೆ ಸೀರೆ ತರಲಿಲ್ಲ, ಗಾಜಿನ ಮಣಿ ಮೂರು ತಂದ. ಹುಣಸೆಬೀಜದಷ್ಟು ದಪ್ಪ, ಹಳದಿ ಮೈ, ಮೇಲೆ ಕೆಂಪು-ನೀಲಿ ಗೆರೆ. ಸಂತೆಯಲ್ಲಿ ಅವನ್ನು ಮಾರಿದ ಮುದುಕಿ ಕಥೆಯನ್ನೂ ಹೇಳಿ ಕಳಿಸಿದ್ದಳಂತೆ. ಯುರೋಪಿನ ವ್ಯಾಪಾರಿಗಳು ಇಂಥ ಮಣಿಗಳನ್ನು ಹಡಗಿನಲ್ಲಿ ತುಂಬಿ ತಂದು, ಬದಲಿಗೆ ಚಿನ್ನ, ಆನೆದಂತ, ಕಡೆಗೆ ಮನುಷ್ಯರನ್ನೂ ಒಯ್ದರು. ಹೋದ ಮಂದಿ ತಿರುಗಿ ಬರಲಿಲ್ಲ, ಮಣಿ ಉಳಿದವು. ಈಗ ಅಲ್ಲಿಯ ತಾಯಂದಿರು ಅವನ್ನೇ ಮಗಳ ಮದುವೆಯಲ್ಲಿ ಕೊರಳಿಗೆ ಹಾಕಿ ಕಳಿಸುತ್ತಾರಂತೆ.

"ಹಂಗಾರ ಇವು ನನ್ನ ಹಿಂದ ನಿನಗ," ಎಂದಿದ್ದಳು ಅವ್ವ ನನಗೆ.

ಬೇರೆ ದಾರಕ್ಕೆ ಪೋಣಿಸಿದ್ದರೆ ಮುಗಿದಿತ್ತು. ದಿನಾ ಮೈಮೇಲೆ ಇರಲಿ ಎಂಬ ಆಸೆಗೆ ನಿಪ್ಪಾಣಿಯ ಅಕ್ಕಸಾಲಿಗನ ಹತ್ತಿರ ಹೋಗಿ, ತಾಳಿಯ ಕರಿಮಣಿಗಳ ನಡುವೆಯೇ ಸೇರಿಸಿಕೊಂಡು ಬಂದಳು.

ಹೋದ ವರ್ಷ ಅಪ್ಪ ತೀರಿಕೊಂಡ. ಸತ್ತಿ ಊರಿನ ಹೊಳೆದಂಡೆಯಲ್ಲಿ ಅವ್ವನನ್ನು ಕೂರಿಸಿ, ತಾಳಿ ಬಿಚ್ಚಿ ಕರಿಮಣಿ ಒಡೆಯುವ ಶಾಸ್ತ್ರ. ಶಾಸ್ತ್ರವಂತೆ, ಸುಡುಗಾಡು. ಅಪ್ಪನ ಅಕ್ಕ, ನಮ್ಮತ್ತಿ, ಕಲ್ಲು ಹಿಡಿದು ಕುಳಿತಿದ್ದಳು.

"ಕರಿಮಣಿ ತಗೋರಿ ಅಕ್ಕಾರ. ಆ ಹಳದೀವು ಮಗಳಿಗೆ ಬಿಡ್ರಿ," ಅಂದಳು ಅವ್ವ.

"ತಾಳ್ಯಾಗಿನ ಮಣಿ ಮಗಳ ಕೊರಳಿಗೆ ಹಾಕ್ತಿ ಏನ? ಅಕೀನೂ ನಿನ್ನಂಗ ಆಗಲೇನ?"

"ಅವು ತಾಳೀವಲ್ಲ ಅತ್ತಿ, ಆಫ್ರಿಕಾದವು," ಅಂದೆ ನಾನು. "ನನಗ ಬೇಕು."

"ಎಲ್ಲೀವರ ಇರಲಿ. ಗಂಡನ ಹೆಸರಿಲೆ ಕಟ್ಟಿದ್ದು ಗಂಡನ ಜೋಡಿನ ಹೋಗಬೇಕು."

ಸುತ್ತ ನಿಂತ ಹೆಂಗಸರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ನಲ್ಲಿ ನೀರಿಗೆ ಜಗಳಾಡುವಾಗ ಇದೇ ಬಾಯಿಗಳು ಊರು ಎಬ್ಬಿಸುತ್ತವೆ. ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಅಂದು ಒಂದೇ ಕಲ್ಲು ಸಾಕಾಯಿತು. ಕರಿಮಣಿ ಒಂದೇ ಏಟಿಗೆ ಪುಡಿಯಾದವು. ಸಮುದ್ರ ದಾಟಿ ಬಂದ ಗಾಜು ಬೇಗ ಜಗ್ಗಲಿಲ್ಲ. ಅತ್ತಿ ಸೆರಗು ಸೊಂಟಕ್ಕೆ ಸಿಗಿಸಿ, ಮೂರೂ ನುಚ್ಚಾಗುವ ತನಕ ಜಜ್ಜಿದಳು. ಆ ಕಲ್ಲು ಕಸಿದು ಅವಳ ಕಾಲ ಮೇಲೆ ಹಾಕಬೇಕೆನಿಸಿತು ನನಗೆ.

ತಿರುಗಿ ಬರುವಾಗ ಗಾಡಿಯಲ್ಲಿ ಅವ್ವ ಬರಿಗೊರಳು ಸವರಿಕೊಂಡಳು.

"ಆ ಮಣಿ ಕೊಟ್ಟು ಮಂದೀನ ಕೊಳ್ಳತಿದ್ರಂತ, ನಿಮ್ಮಪ್ಪ ಹೇಳತಿದ್ರು," ಅಂದಳು. "ಆವಾಗ ಅವರನ್ನ ನೆನೆದು ಪಾಪ ಅನಿಸಿತ್ತ. ನನ್ನನ್ನೂ ಕರಿಮಣಿ ಕೊಟ್ಟ ಕೊಂಡಾರ ಅನ್ನೂದು ತಿಳೀಲೇ ಇಲ್ಲ ನೋಡ."