ಇಳಿಜಾರಿನಲ್ಲಿ ಮೋಟಾರು ಬಸ್ಸು

ಬಸವನಗುಡಿಗೆ ಮೊಟ್ಟಮೊದಲು ಬಂದ ಮೋಟಾರು ಬಸ್ಸಿನ ಡ್ರೈವರು ಅದಕ್ಕೂ ಮುಂಚೆ ಜಟಕಾ ಹೊಡೆಯುತ್ತಿದ್ದವನು. ಹತ್ತುವವರು ಅನುಮಾನದಿಂದ ನೋಡಿದರೆ ಎರಡೂ ಅಂಗೈ ತೋರಿಸಿ, “ಪಳಗಿದ ಕೈ ಸ್ವಾಮಿ, ಕೂತ್ಕೊಳಿ” ಎನ್ನುತ್ತಿದ್ದ.

ನನ್ನ ತಾಯಿಗೆ ಅಷ್ಟು ಸಾಲಲಿಲ್ಲ. “ಎಷ್ಟು ವರ್ಷದಿಂದ ಓಡಿಸ್ತಿದೀಯಪ್ಪಾ?” ಎಂದು ಕೇಳಿದರು.

“ಇಪ್ಪತ್ತು ವರ್ಷ ಆಯ್ತು, ಅಮ್ಮಾವ್ರೇ.”

“ಇದನ್ನೇ?”

“ಇದು ಸೋಮವಾರದಿಂದ.”

ಅಷ್ಟರಲ್ಲಿ ಬಸ್ಸು ಹೊರಟಿತ್ತು.

ಜಟಕಾ ಇಳಿಜಾರಿಗೆ ಬಂದರೆ ಕುದುರೆಯ ಕತ್ತಿನ ಮೇಲೆ ಭಾರ ಬೀಳದಂತೆ ಕೂತವರು ಹಿಂದಕ್ಕೆ ಸರಿಯುವುದು ವಾಡಿಕೆ. ಗುಡಿಯ ಇಳಿಜಾರಿನಲ್ಲಿ ಬಸ್ಸು ತಾನೇ ಓಡತೊಡಗಿತು. ಬ್ರೇಕು ಅವನ ಕಾಲಿನ ಹತ್ತಿರವೇ ಇತ್ತು, ನಾನು ನೋಡಿದೆ. ಅವನು ಅದನ್ನು ಒತ್ತಲಿಲ್ಲ. ನಮ್ಮ ಕಡೆ ಕತ್ತು ತಿರುಗಿಸಿ, “ಹಿಂದಕ್ ಹೋಗಿ! ಎಲ್ಲಾರೂ ಹಿಂದಕ್ ಹೋಗಿ!” ಎಂದು ಕೂಗಿದ. ನಾವು ಹೋದೆವು. ನಾನು ತಾಯಿಯನ್ನು ತಬ್ಬಿಕೊಂಡಿದ್ದೆ. ವೇಗ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೊನೆಗೆ ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ರಾಶಿಗೆ ಬಸ್ಸು ನುಗ್ಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ.

ಅವನು ಇಳಿದು ಬಸ್ಸಿನ ಮೂತಿಯನ್ನು ನೇವರಿಸಿದ. ಆಮೇಲೆ ಒಳಗೆ ಬಗ್ಗಿ ನೋಡಿದ. ಮುಂದಿನ ಸೀಟಿನಲ್ಲಿ ದಪ್ಪನೆಯ ವಕೀಲರೊಬ್ಬರು ಹೆದರಿ, ಕಂಬಿ ಹಿಡಿದು ಕೂತೇ ಇದ್ದರು.

“ನೀವ್ಯಾಕ್ ಸ್ವಾಮಿ ಹಿಂದಕ್ ಹೋಗ್ಲಿಲ್ಲ?” ಎಂದು ಗದರಿದ.

ನಾವೆಲ್ಲರೂ ವಕೀಲರನ್ನು ದುರುಗುಟ್ಟಿ ನೋಡಿದೆವು. “ಅಷ್ಟೊಂದು ಭಾರ ಇರೋರು ಸ್ವಲ್ಪ ಯೋಚ್ನೆ ಮಾಡ್ಬಾರ್ದೇ?” ಎಂದರು ನನ್ನ ತಾಯಿ.

ವಕೀಲರು ಎದ್ದು, ಪೇಟ ಸರಿಮಾಡಿಕೊಂಡು, ಎಲ್ಲರಿಗೂ ಕೈಮುಗಿದು ತಪ್ಪಾಯಿತೆಂದರು.