ಮಳೆಯ ದಿನದ ಉಕ್ತಲೇಖನ

ಹೆಮ್ಮಾಡಿ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಕಾಲ. ಆ ವರ್ಷ ಎರಡೂ ಕಿವಿಗೆ ಮಿಷನ್ ಹಾಕಿಕೊಂಡ ಹುಡುಗಿಯೊಬ್ಬಳು ಆರನೇ ತರಗತಿಗೆ ಸೇರಿದಳು. ಕಿವಿ ಸರಿಯಾಗಿ ಕೇಳದ ಮಕ್ಕಳಿಗೆ ಕಲಿಸಿ ನನಗೆ ಅಭ್ಯಾಸವಿರಲಿಲ್ಲ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಸಾಕು ಅಂದುಕೊಂಡಿದ್ದೆ.

ಶನಿವಾರ ಶನಿವಾರ ಉಕ್ತಲೇಖನ. ಬೆಂಚುಗಳ ನಡುವೆ ಓಡಾಡುತ್ತ ಪಾಠದ ಹತ್ತು ಪದ ಹೇಳುತ್ತಿದ್ದೆ. ಅವಳದ್ದು ಒಂದೋ ಎರಡೋ ಸರಿ. ಮೂರನೇ ವಾರ ಅವಳ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ಗಮನ ಕೊಡಬೇಕು' ಎಂದು ಬರೆದೆ.

ಸೋಮವಾರ ಅವಳ ತಾಯಿ ಬಂದರು. ಮೀನು ಮಾರಿ ನೇರ ಬಂದಿದ್ದರು. ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಜಗಲಿಯ ಕೆಳಗೇ ನಿಂತರು. ಕರೆದರೂ ಒಳಗೆ ಬರಲಿಲ್ಲ.

"ಮಾಷ್ಟ್ರೇ, ಹೆಣ್ ಗಮನ ಕೊಡತ್ತ್. ನಿಮ್ಮ ಮಾತೇ ಅದ್ಕ್ ಕಾಂತಿಲ್ಲೆ ಅಂಬ್ರ್."

ಮಾತು ಕಾಣುವುದು ಹೇಗೆಂದು ತಿಳಿಯದೆ, "ಕಾಂಬುದಾ, ಕೇಂಬುದಾ?" ಎಂದೆ.

"ಕಾಂಬುದೇ. ಮಿಷನಂಗೆ ಅರ್ಧ ಕೇಂತ್, ಉಳ್ದದ್ದ್ ಬಾಯಿ ಕಂಡೇ ತಿಳ್ಕಂಬುದ್. ನೀವ್ ತಿರ್ಗ್ತಾ ಮಾತಾಡ್ತ್ರಿ ಅಂಬ್ರ್." ಸೆರಗು ಸರಿಮಾಡಿಕೊಂಡು ಮೆಲ್ಲಗೆ ಸೇರಿಸಿದರು. "ಬೇಜಾರ್ ಮಾಡ್ಕಣ್ಬೇಡಿ. ನಿಮ್ಮ ಮೀಸಿಯೂ ಅಡ್ಡ ಬತ್ತಂಬ್ರ್."

ಕೆಂಪು ಶಾಯಿಯ ಆ ಎರಡು ಪದ ನೆನಪಾಗಿ ನಾಚಿಕೆಯಾಯಿತು. ಸಂಜೆ ಕ್ಷೌರದಂಗಡಿಗೆ ಹೋಗಿ, ಮದುವೆಗೂ ಮೊದಲಿನಿಂದ ಇದ್ದ ಮೀಸೆ ತೆಗೆಸಿದೆ. ಹೆಂಡತಿ ಎರಡು ದಿನ ನನ್ನ ಮುಖ ನೋಡಿದಾಗಲೆಲ್ಲ ನಕ್ಕಳು. ಶಾಲೆಯಲ್ಲಿ ಒಂದೇ ಜಾಗದಲ್ಲಿ, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು ಮಾತಾಡುವುದನ್ನು ಕಲಿತೆ. ಬೋರ್ಡಿಗೆ ತಿರುಗಿ ಮಾತಾಡುವ ಚಾಳಿ ಬಿಡುವುದಕ್ಕೆ ತಿಂಗಳೇ ಹಿಡಿಯಿತು. ಮರೆತಾಗ ಅವಳು ಪೆನ್ಸಿಲಿನಿಂದ ಬೆಂಚು ಕುಟ್ಟುತ್ತಿದ್ದಳು.

ಆಷಾಢದ ಒಂದು ಶನಿವಾರ. ನಮ್ಮ ಕೋಣೆಗೆ ತಗಡಿನ ಮಾಡು. ಉಕ್ತಲೇಖನ ಶುರುಮಾಡುವ ಹೊತ್ತಿಗೆ ಮಳೆ ಹೊಯ್ಯತೊಡಗಿ, ನನ್ನ ಮಾತು ನನಗೇ ಕೇಳದಾಯಿತು. ಎರಡು ಪದ ಕಿರುಚಿದೆ. ಮಕ್ಕಳು ಕಿವಿಗೆ ಕೈ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಪುಸ್ತಕ ಮುಚ್ಚಿ ಎಂದು ಸನ್ನೆ ಮಾಡಿದೆ.

ಅವಳು ಮುಚ್ಚಲಿಲ್ಲ. ಮಿಷನ್ ಎರಡನ್ನೂ ತೆಗೆದು ಕಂಪಾಸ್ ಪೆಟ್ಟಿಗೆಯಲ್ಲಿಟ್ಟು, ಮುಂದುವರಿಸಿ ಎಂಬಂತೆ ನನ್ನ ಮುಖ ನೋಡಿದಳು. ಕಿರುಚುವುದನ್ನು ಬಿಟ್ಟು, ಸಾಮಾನ್ಯವಾಗಿ ಮಾತಾಡುವಂತೆ ಪದ ಹೇಳುತ್ತ ಹೋದೆ. ಅವಳೊಬ್ಬಳೇ ಬರೆದಳು. ಆಮೇಲೆ ಸೀಮೆಸುಣ್ಣ ಕೊಟ್ಟು ಬೋರ್ಡಿನಲ್ಲಿ ಬರೆಸಿದೆ. ಹತ್ತರಲ್ಲಿ ಒಂಬತ್ತು ಸರಿ. ಮಳೆಯ ಗದ್ದಲದಲ್ಲಿ ಮಕ್ಕಳು ಹೊಡೆದ ಚಪ್ಪಾಳೆ ನನಗೂ ಕೇಳಲಿಲ್ಲ. ಅವಳು ನೋಡಿದಳು, ನೋಡಿ ಕೆಂಪಾದಳು.

ನಾನು ನಿವೃತ್ತನಾಗಿದ್ದೇನೆ. ಕಳೆದ ತಿಂಗಳು ಕುಂದಾಪುರದ ಮೀನು ಮಾರುಕಟ್ಟೆಯ ಎದುರು ಆ ತಾಯಿ ಸಿಕ್ಕಿದರು.

"ಹ್ವಾಯ್ ಮಾಷ್ಟ್ರೇ, ಹೆಣ್ ಈಗ ಬ್ರಹ್ಮಾವರದಂಗೆ ಕೆಲ್ಸಕ್ಕ್ ಹೋತ್ತ್. ಮಾತಾಡಿ," ಎಂದವರೇ ವಿಡಿಯೋ ಕಾಲ್ ಮಾಡಿ ಫೋನ್ ನನ್ನ ಕೈಗಿಟ್ಟರು.

ಪರದೆಯಲ್ಲಿ ದೊಡ್ಡ ಹುಡುಗಿಯೊಬ್ಬಳು ಕಂಡಳು. "ಸರ್, ಫೋನ್ ಸ್ವಲ್ಪ ಕೆಳ್ಗ್ ಹಿಡಿನಿ, ನಿಮ್ಮ ಹಣಿ ಮಾತ್ರ ಕಾಂತ್."

ಬಾಯಿ ಕಾಣುವಂತೆ ಕೆಳಗೆ ಹಿಡಿದೆ. ಊಟವಾಯಿತಾ, ಆರೋಗ್ಯ ಹೇಗಿದೆ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಒಂದೊಂದಾಗಿ ಕೇಳಿದಳು. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ನನಗೆ ಫೋನ್ ಇಡುವ ಮನಸ್ಸೇ ಬರಲಿಲ್ಲ.