ಹರಿಗೋಲಿನ ಹಳೆಯ ಹೊದಿಕೆ

ಅವರ ಬಲಗೈ ಹೆಬ್ಬೆರಳಿನಲ್ಲಿ ನೀರುನಾಯಿ ಕಚ್ಚಿದ ಗುರುತು ಕೊನೆಯವರೆಗೂ ಇತ್ತು. ಉಗುರಿನ ಸುತ್ತ ಡಾಂಬರಿನ ಕಪ್ಪು. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ನಾನು ಪಶುವೈದ್ಯೆ. ಹರಿಗೋಲು ಹತ್ತಿದಾಗೆಲ್ಲ ನನ್ನನ್ನು ಕಾಡಿಸುತ್ತಿದ್ದರು: “ಎಮ್ಮಿಗೆ ಸೂಜಿ ಚುಚ್ಚೋ ಡಾಕ್ಟರಮ್ಮಾರ ನೀರಿಗೆ ಇಷ್ಟು ಅಂಜಿದ್ರ ಹೆಂಗ್ರಿ?”

ಅವರ ಅಜ್ಜನ ಕಾಲದಲ್ಲಿ ಹರಿಗೋಲಿಗೆ ಚರ್ಮದ ಹೊದಿಕೆ. ಹಳತಾದರೆ ಬಿಚ್ಚಿ ಹೊಳೆಗೇ ಬಿಡುವುದು ಆ ಮನೆಯ ಪದ್ಧತಿ. ಮೀನು ತಿಂದು ಮುಗಿಸುತ್ತಿದ್ದವು. ಆಮೇಲೆ ಚರ್ಮ ಹೋಗಿ ಗೊಬ್ಬರದ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು. ಪದ್ಧತಿ ಬದಲಾಗಲಿಲ್ಲ. ಬಿಸಿಲಿಗೆ ಪುಡಿಯಾದ ಚೀಲವನ್ನು ಬೇಸಿಗೆಯಲ್ಲಿ ಕೆರೆದು ಚಾಚಾ ಭಕ್ತಿಯಿಂದ ನೀರಿಗೆ ಬಿಡುತ್ತಿದ್ದರು.

ಅಲ್ಲಿನ ಬಂಡೆಗಳ ಸಂದಿಯಲ್ಲಿ ಒಂದು ನೀರುನಾಯಿ ಮರಿ ಹಾಕಿತ್ತು. ಒಂದು ಬೆಳಿಗ್ಗೆ ಚಾಚಾ ಆ ತಾಯಿಯನ್ನು ಲುಂಗಿಯಲ್ಲಿ ಸುತ್ತಿ ನನ್ನ ಬಳಿ ತಂದರು. ಬೆರಳಿನಿಂದ ರಕ್ತ ಸುರಿಯುತ್ತಿತ್ತು.

“ನಂದು ಬಿಡ್ರಿ, ಮೊದಲ ಇಕಿನ್ನ ನೋಡ್ರಿ. ಮರಿ ಕಾಯಾಕ ಹತ್ಯಾವ.”

ಅದರ ಹೊಟ್ಟೆ ಬಿಗಿದು ಕಲ್ಲಾಗಿತ್ತು. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಚಾಚಾ ಊಟಕ್ಕೂ ಏಳದೆ ಅದರ ಉಸಿರನ್ನೇ ನೋಡುತ್ತ ಕೂತರು. ಸಂಜೆಗೆ ಸತ್ತಿತು.

ಅರಣ್ಯ ಇಲಾಖೆಯವರ ಎದುರು ಹೊಟ್ಟೆ ಸೀಳಿದೆ. ಮೀನಿನ ಮುಳ್ಳುಗಳ ನಡುವೆ ಕಪ್ಪು ಮೆತ್ತಿದ ಬಿಳಿ ಎಳೆಗಳು, ಚೂರುಗಳು. ಚಾಚಾ ಒಂದನ್ನು ಎತ್ತಿ ಉಜ್ಜಿದರು, ಮೂಸಿದರು.

“ಇದು ನಂದ ಐತ್ರಿ.”

ಇದರಿಂದಲೇ ಸತ್ತಿತೆಂದು ಖಚಿತವಾಗಿ ಹೇಳಲಾರೆ ಎಂದೆ. ಉಳಿದದ್ದನ್ನು ಮುಚ್ಚಿಡಲಿಲ್ಲ: ಪುಡಿಯನ್ನು ಮೀನು ನುಂಗುತ್ತವೆ, ಮೀನನ್ನು ಇದು. ಹೊಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಸಮುದ್ರಕ್ಕೆ, ಅಲ್ಲಿನ ಡಾಲ್ಫಿನ್, ತಿಮಿಂಗಿಲಗಳ ಹೊಟ್ಟೆಯಲ್ಲೂ ಈ ಪುಡಿ ಸಿಕ್ಕಿದೆ ಎಂದೆ.

“ಅವೂ ಮರಿಗೆ ಹಾಲು ಕುಡಸ್ತಾವೇನ್ರಿ?”

ಹೌದೆಂದೆ. ಆ ನೀರುನಾಯಿಯ ಮರಿಗಳಲ್ಲಿ ಬದುಕುಳಿದದ್ದು ಒಂದೇ.

ಮುಂದಿನ ಬೇಸಿಗೆ ಹಳೆಯ ಹೊದಿಕೆಯನ್ನು ಸುರುಳಿ ಸುತ್ತಿ ಹೊತ್ತು ನಮ್ಮ ಬಾಗಿಲಿಗೆ ಬಂದರು. “ಹಂಗಾರ ಇದನ್ನ ಎಲ್ಲಿ ಬಿಡಬೇಕ್ರಿ?” ಸುಟ್ಟರೆ ಹೊಗೆ, ಹೂತರೆ ಮಣ್ಣಿನಲ್ಲೂ ಪುಡಿ. ಸದ್ಯ ಇಲ್ಲಿರಲಿ ಎಂದೆ. ಅಲ್ಲಿಂದ ಪ್ರತಿ ಬೇಸಿಗೆ ಒಂದು ಸುರುಳಿ ಬರತೊಡಗಿತು.

ಚಾಚಾ ಹೋದ ವರ್ಷ ತೀರಿಕೊಂಡರು. ಈ ಬೇಸಿಗೆ ಅವರ ಹೆಂಡತಿ ಚಾಚಿ ಕೊನೆಯ ಹೊದಿಕೆಯನ್ನು ತಾವೇ ತಂದು ಇಳಿಸಿ, ಹೊಳೆಗೆ ಬಿಡಬಾರದೆಂದು ತಮ್ಮಿಂದ ಆಣೆ ಹಾಕಿಸಿಕೊಂಡೇ ಅವರು ಸತ್ತರು ಎಂದು ಅತ್ತರು.

ಸುರುಳಿಗಳೆಲ್ಲ ಇಂದಿಗೂ ನಮ್ಮ ಕೊಟ್ಟಿಗೆಯ ಅಟ್ಟದ ಮೇಲಿವೆ, ಮಳೆನೀರು ತಾಗಿ ಹೊಳೆಗೆ ಹರಿಯದ ಹಾಗೆ.